ವಲಸೆಯ ಹಲಗೆಗಳು, ಅಡುಗೆಮನೆಯ ಮೇಜು

ಜನಾಂಗವೊಂದರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದು ಹೊರಗಿನವರೊಡನೆ ನಡೆಸಿದ ಹೋರಾಟವನ್ನೇ ವಿವರಿಸುತ್ತಾರೆ. ಒಳಗಿನವರು ತಮ್ಮತಮ್ಮಲ್ಲಿ ಹೇಗೆ ಬಾಳಿದರೆಂಬುದು ಅಲಕ್ಷ್ಯಕ್ಕೆ ಗುರಿಯಾಗುವುದು. ಅಮೆರಿಕದ ಕಪ್ಪು ಜನರ ವಿಷಯದಲ್ಲಿ ಈ ಕೊರತೆಯನ್ನು ತುಂಬಿದವರಲ್ಲಿ ಕಲಾವಿದರೂ ಇದ್ದಾರೆ.

1910ರ ದಶಕದಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣದ ಸಂಸ್ಥಾನಗಳನ್ನು ತೊರೆದು ಷಿಕಾಗೋ, ಡೆಟ್ರಾಯಿಟ್, ನ್ಯೂಯಾರ್ಕ್ ಮೊದಲಾದ ನಗರಗಳನ್ನು ಸೇರಿದರು. ವರ್ಣಭೇದದ ಕಟ್ಟಳೆಗಳು, ಗುಂಪುಕೊಲೆಗಳು, ಹತ್ತಿಯ ಬೆಳೆಗೆ ತಗುಲಿದ ಕೀಟದ ಪೀಡೆ ಒಂದು ಕಡೆಯಿಂದ ಅವರನ್ನು ಅಟ್ಟಿದರೆ, ಕಾರ್ಖಾನೆಗಳ ಕೂಲಿ ಇನ್ನೊಂದು ಕಡೆಯಿಂದ ಸೆಳೆಯಿತು. ಹಾಗೆ ಹೊರಟುಬಂದ ತಂದೆತಾಯಿಗಳ ಮಗ ಜೇಕಬ್ ಲಾರೆನ್ಸ್ (1917–2000). ಹಾರ್ಲೆಮ್ಮಿನಲ್ಲಿ ಬೆಳೆದ ಅವರು ಅಲ್ಲಿಯ ಪುಸ್ತಕಾಲಯದಲ್ಲಿ ಕುಳಿತು ವಿಷಯ ಸಂಗ್ರಹಿಸಿ, 1940–41ರಲ್ಲಿ 60 ಹಲಗೆಗಳ ಚಿತ್ರಮಾಲೆಯನ್ನು ರಚಿಸಿದರು. ಹಲಗೆಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು ಒಂದೊಂದೇ ಬಣ್ಣವನ್ನು ಎಲ್ಲದರ ಮೇಲೂ ಹಚ್ಚುತ್ತ ಹೋದರು. ಆದುದರಿಂದಲೇ ಅವು ಒಂದೇ ಕಥೆಯ ಪುಟಗಳಂತೆ ತೋರುವುವು. 1942ರಲ್ಲಿ ಬೆಸಸಂಖ್ಯೆಯವು ವಾಷಿಂಗ್ಟನ್ನಿನ ಫಿಲಿಪ್ಸ್ ಸಂಗ್ರಹಾಲಯವನ್ನೂ ಸಮಸಂಖ್ಯೆಯವು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವನ್ನೂ ಸೇರಿದವು.

ಮಾಲೆಯಲ್ಲಿ ರೈಲು, ಗಂಟುಮೂಟೆಗಳಷ್ಟೇ ಇಲ್ಲ. 33ನೆಯ ಚಿತ್ರದ ವಸ್ತು, ಮೊದಲೇ ಹೋದ ಬಂಧುಗಳು ಊರಿನಲ್ಲಿ ಉಳಿದವರಿಗೆ ಬರೆದ ಕಾಗದ. 53ನೆಯದರ ವಸ್ತು ಕಹಿಯಾದುದು: ಉತ್ತರದ ನಗರಗಳಲ್ಲಿ ಬಹುಕಾಲದಿಂದ ನೆಲೆಸಿದ್ದ ಕಪ್ಪು ಜನರೇ ಹೊಸಬರನ್ನು ತಾತ್ಸಾರದಿಂದ ಕಂಡುದು. ಹೊರಗಿನವರ ಅನ್ಯಾಯವನ್ನು ತೋರಿದ ಕುಂಚವು ತನ್ನವರ ಬಿಗುಮಾನವನ್ನೂ ಮರೆಮಾಚಲಿಲ್ಲ. ಈ ಪ್ರಾಮಾಣಿಕತೆಯೇ ಅದನ್ನು ಪ್ರಚಾರದಿಂದ ಬೇರ್ಪಡಿಸಿ ಚರಿತ್ರೆಯಾಗಿಸಿದೆ.

ಅರ್ಧ ಶತಮಾನದ ಬಳಿಕ, 1990ರಲ್ಲಿ, ಕ್ಯಾರಿ ಮೇ ವೀಮ್ಸ್ ಅವರು ಅಡುಗೆಮನೆಯ ಮೇಜನ್ನು ಕುರಿತ ಮಾಲೆಯಲ್ಲಿ ಈ ಪ್ರಶ್ನೆಯನ್ನು ಮನೆಯೊಳಕ್ಕೆ ತಂದರು. 20 ಛಾಯಾಚಿತ್ರಗಳು, 14 ಬರಹದ ಫಲಕಗಳು. ಒಂದೇ ಮೇಜು, ಅದರ ಮೇಲೆ ಒಂದೇ ತೂಗುದೀಪ. ನಾಯಕಿ ಸ್ವತಃ ಕಲಾವಿದೆಯೇ. ಪ್ರಿಯಕರ, ಗೆಳತಿಯರು, ಮಗಳು ಆ ಬೆಳಕಿಗೆ ಬಂದು ಹೋಗುವರು. ಕೆಲವು ಚಿತ್ರಗಳಲ್ಲಿ ಆಕೆ ಒಬ್ಬಳೇ. ಬಿಳಿಯರು ಅಲ್ಲಿ ಕಾಣುವುದಿಲ್ಲ. ಕಪ್ಪು ಜನರ ಬಾಳು ಬಿಳಿಯರಿಗೆ ಕೊಟ್ಟ ಉತ್ತರ ಮಾತ್ರವೇ ಅಲ್ಲವೆಂಬುದಕ್ಕೆ ಇದಕ್ಕಿಂತ ಸರಳವಾದ ಪ್ರಮಾಣ ಬೇಕಿಲ್ಲ.

1983ರಲ್ಲಿ ನೈಜೀರಿಯದ ಎನುಗುವಿನಲ್ಲಿ ಹುಟ್ಟಿದ ಎನ್ಜಿಡೆಕಾ ಅಕುನ್ಯೀಲಿ ಕ್ರಾಸ್ಬಿ 1999ರಲ್ಲಿ ವಿದ್ಯಾಭ್ಯಾಸಕ್ಕೆಂದು ಅಮೆರಿಕಕ್ಕೆ ಬಂದವರು. ಅವರ ದೊಡ್ಡ ಕಾಗದಗಳ ಮೇಲಿನ ಮನೆಯ ಕೋಣೆಗಳಲ್ಲಿ ಗೋಡೆಗೂ ಬಟ್ಟೆಗೂ ತವರಿನ ಪತ್ರಿಕೆಗಳ, ಕುಟುಂಬದ ಭಾವಚಿತ್ರಗಳ ಅಚ್ಚು ಹತ್ತಿಕೊಂಡಿರುತ್ತದೆ. ಗುಲಾಮರ ಸಂತತಿಯೂ ನಿನ್ನೆ ಬಂದ ನೈಜೀರಿಯದವರೂ ‘ಕಪ್ಪು’ ಎಂಬ ಒಂದೇ ಹೆಸರನ್ನು ಹೊರುವರಾದರೂ, ಅವರ ನೆನಪುಗಳು ಒಂದೇ ಅಲ್ಲ.

ನಮ್ಮ ವಲಸೆಯನ್ನು ಲಾರೆನ್ಸರು ಚಿತ್ರಿಸಿದ ವಲಸೆಗೆ ಹೋಲಿಸುವುದು ಅವಿವೇಕ. ನಾವು ಪ್ರಾಣಭಯದಿಂದ ಊರು ಬಿಟ್ಟವರಲ್ಲ. ಆದರೂ 53ನೆಯ ಚಿತ್ರವನ್ನು ನೆನೆದಾಗ, ಪರಸ್ಥಳದಲ್ಲಿ ನೆಲೆಯೂರಿದ ನಾವು ನಿನ್ನೆ ಬಂದಿಳಿದ ನಮ್ಮವನನ್ನು ಹೇಗೆ ಕಂಡೆವೆಂಬ ಪ್ರಶ್ನೆ ಏಳದಿರದು.