ಕೇಬಲ್ ಜಾಲದ ಮಾರಾಟ ಮತ್ತು ಕಾರ್ಯಕ್ರಮಗಳ ಗುಣಮಟ್ಟ: ಅಮೆರಿಕದ ಕಾನೂನಿನ ಪರಿಶೀಲನೆ

ಊರಿನ ಕೇಬಲ್ ಜಾಲ ಹೊಸ ಒಡೆಯನ ಕೈಗೆ ಹೋದಾಗ ಸ್ಥಳೀಯ ಕಾರ್ಯಕ್ರಮಗಳ ಗತಿಯೇನು? ಅಮೆರಿಕದಲ್ಲಿ ಇದಕ್ಕೆ ಉತ್ತರ ಬೇಕೆಂದರೆ ಕ್ರಯಪತ್ರಕ್ಕಿಂತ ಮೊದಲು ಹಳೆಯ ಫ್ರಾಂಚೈಸಿ ಕರಾರನ್ನು ಓದಬೇಕು. ರಸ್ತೆಬದಿಯಲ್ಲಿ ತಂತಿ ಎಳೆಯಲು ನಗರಾಡಳಿತ ಕಂಪನಿಗೆ ಕೊಡುವ ಅನುಮತಿಯ ಷರತ್ತುಗಳು ಇರುವುದು ಅದರಲ್ಲೇ. ಸಾರ್ವಜನಿಕರಿಗೆ, ಶಿಕ್ಷಣಕ್ಕೆ ಮತ್ತು ಸ್ಥಳೀಯ ಸರ್ಕಾರಕ್ಕೆ ವಾಹಿನಿಗಳನ್ನು ಮೀಸಲಿಡಿ ಎಂದು ಕೇಳುವ ಅಧಿಕಾರವನ್ನು 1984ರ ಕೇಬಲ್ ಕಾಯ್ದೆ ನಗರಗಳಿಗೆ ಕೊಟ್ಟಿತು. ಆದರೆ ಇಂಥದೇ ವಾಹಿನಿ ಬೇಕೆಂದು ಹೆಸರಿಸಿ ಪಟ್ಟುಹಿಡಿಯುವ ಅಧಿಕಾರ ಕೊಡಲಿಲ್ಲ. ಮಕ್ಕಳ ಕಾರ್ಯಕ್ರಮ, ಸುದ್ದಿ ಎಂಬಂಥ ವಿಶಾಲ ವರ್ಗಗಳನ್ನು ಕರಾರಿನಲ್ಲಿ ಬರೆಸಿಕೊಳ್ಳಬಹುದು, ಅಷ್ಟೇ.

ಕರಾರಿನಲ್ಲಿರುವ ಸೇವೆಗಳನ್ನು ಬದಲಿಸಬಯಸುವ ಕಂಪನಿ ಅವುಗಳ ವೈವಿಧ್ಯ, ಗುಣಮಟ್ಟ, ಪ್ರಮಾಣ ಮೂರೂ ಉಳಿಯುತ್ತವೆಂದು ತೋರಿಸಬೇಕು. ಇದಕ್ಕೆ ಅಳತೆಗೋಲು ಕರಾರಾದಾಗಿನ ಸ್ಥಿತಿ. ಮೀಸಲು ವಾಹಿನಿಗಳ ಷರತ್ತನ್ನಂತೂ ಈ ದಾರಿಯಲ್ಲಿ ಸಡಿಲಿಸುವಂತೆಯೇ ಇಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಕಾಯ್ದೆಯಲ್ಲಿ ಪ್ರೇಕ್ಷಕನಿಗೆ ಅತ್ಯಂತ ಗಟ್ಟಿಯಾದ ಆಸರೆ ಇದೇ.

ಮಾರಾಟಕ್ಕೆ ನಗರದ ಒಪ್ಪಿಗೆ ಬೇಕೆಂದು ಕರಾರಿನಲ್ಲಿದ್ದರೆ, ಪೂರ್ಣ ವಿವರಗಳಿರುವ ಅರ್ಜಿ ಬಂದ 120 ದಿನಗಳೊಳಗೆ ತೀರ್ಮಾನವಾಗಬೇಕು ಎನ್ನುತ್ತದೆ 1992ರ ಕೇಬಲ್ ಕಾಯ್ದೆ. ನಗರ ಮತ್ತು ಅರ್ಜಿದಾರ ಇಬ್ಬರೂ ಒಪ್ಪಿ ಗಡುವು ವಿಸ್ತರಿಸದಿದ್ದರೆ ಮೌನವೇ ಸಮ್ಮತಿ. ಕೊಂಡ ಜಾಲವನ್ನು ಮೂರು ವರ್ಷದೊಳಗೆ ಮಾರಬಾರದೆಂಬ ನಿರ್ಬಂಧವೂ ಆಗ ಬಂದಿತ್ತು. 1996ರಲ್ಲಿ ಅದನ್ನು ರದ್ದುಮಾಡಿದರು. ಕೊಂಡು ಮಾರುವ ವ್ಯಾಪಾರಕ್ಕೆ ಬಾಗಿಲು ಮತ್ತೆ ತೆರೆದದ್ದೂ ಆಗಲೇ.

ಒಪ್ಪಿಗೆಯ ಹೊತ್ತಿನಲ್ಲಿ ಹೊಸ ಷರತ್ತು ಹೇರುವುದು ಎಷ್ಟು ಕಷ್ಟ ಎಂಬುದಕ್ಕೆ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಸಾಕ್ಷಿ. ಟಿಸಿಐ ಕಂಪನಿಯ ಫ್ರಾಂಚೈಸಿ ಎಟಿ ಅಂಡ್ ಟಿ ಪಾಲಾಗುವಾಗ, ಕೇಬಲ್ ಇಂಟರ್ನೆಟ್ ಮಾರ್ಗವನ್ನು ಪ್ರತಿಸ್ಪರ್ಧಿಗಳಿಗೂ ತೆರೆಯಬೇಕೆಂದು 1998ರಲ್ಲಿ ನಗರ ಷರತ್ತು ಹಾಕಿತು. ಕೆಳಗಿನ ನ್ಯಾಯಾಲಯದಲ್ಲಿ ನಗರ ಗೆದ್ದಿತಾದರೂ 2000ದಲ್ಲಿ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಆ ವ್ಯಾಜ್ಯ ಕಾರ್ಯಕ್ರಮಗಳದ್ದಲ್ಲ, ನಿಜ. ಆದರೂ ನಗರದ ಚೌಕಾಸಿಗೆ ಎಲ್ಲೆ ಎಲ್ಲಿದೆಯೆಂದು ಅದರಿಂದ ಗೊತ್ತಾಗುತ್ತದೆ.

ಕರ್ನಾಟಕದ ಊರುಗಳಲ್ಲಿ ಜಾತ್ರೆ, ಗಣೇಶೋತ್ಸವಗಳನ್ನು ತೋರಿಸುವ ಲೋಕಲ್ ಚಾನೆಲ್‌ಗಳಿಗೆ ಇಷ್ಟೂ ರಕ್ಷಣೆಯಿಲ್ಲ. ನಮ್ಮ 1995ರ ಕೇಬಲ್ ಕಾಯ್ದೆ ದೂರದರ್ಶನದ ವಾಹಿನಿಗಳ ಪ್ರಸಾರವನ್ನು ಕಡ್ಡಾಯ ಮಾಡಿದೆಯೇ ಹೊರತು, ಕಾರ್ಯಕ್ರಮಗಳ ಬಗ್ಗೆ ಕರಾರು ಮಾಡಿಕೊಳ್ಳುವ ಅಧಿಕಾರವನ್ನು ಪುರಸಭೆಗೆ ಕೊಟ್ಟಿಲ್ಲ. ಆಪರೇಟರ್ ಜಾಲ ಮಾರಿದ ಮೇಲೆ ಆ ಚಾನೆಲ್ ಉಳಿಯುವುದು, ಅಳಿಯುವುದು ಕೊಂಡವನ ಇಚ್ಛೆಗೆ ಬಿಟ್ಟದ್ದು.