ಒಬ್ಬರೇ ಹೋಗುವ ದಾರಿ: ನಾರ್ವೆಯ ಸೋಗ್ನೆಫ್ಯೆಲ್ ರಸ್ತೆಯ ಕಥೆ



ಕಳೆದ ಆಗಸ್ಟ್‌ನ ಒಂದು ಭಾನುವಾರ ಬಲಿಪೂಜೆ ಮುಗಿಸಿ ಇಗರ್ಜಿಯ ಅಂಗಳದಲ್ಲಿ ಚಾ ಕುಡಿಯುತ್ತಿದ್ದೆವು. ನಮ್ಮ ಯುವಜನ ಸಂಘದ ಹಳೆಯ ಸದಸ್ಯೆಯೊಬ್ಬರ ತಾಯಿ ಹತ್ತಿರ ಬಂದು ಮೊಬೈಲ್ ಮುಂದೆ ಹಿಡಿದರು. ಮಗಳು ನಾರ್ವೆಯಲ್ಲಿ ನರ್ಸ್. ಒಂದು ವಾರ ರಜೆ ಹಾಕಿ, ಬಾಡಿಗೆ ಕಾರಿನಲ್ಲಿ ಒಬ್ಬಳೇ ಬೆಟ್ಟದ ದಾರಿ ಹಿಡಿದು, ಅಲ್ಲಲ್ಲಿ ಇಳಿದು ಚಾರಣ ಮಾಡುತ್ತಾಳಂತೆ. "ನೀವೆಲ್ಲ ಓದಿದವರಲ್ವಾ, ಅಲ್ಲಿ ಹೆಣ್ಣುಮಗಳು ಒಬ್ಬಳೇ ಹೋಗಬಹುದಾ, ನೋಡಿ ಹೇಳಿ" ಎಂದರು. ನಾವು ಚಾ ಕುಡಿಯುತ್ತಲೇ "ಏನೂ ಆಗುವುದಿಲ್ಲ ಆಂಟಿ, ಅದು ಮುಂದುವರಿದ ದೇಶ" ಎಂದುಬಿಟ್ಟೆವು.

ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ಆ ದಾರಿಯ ಹೆಸರೂ ನಮಗೆ ಗೊತ್ತಿರಲಿಲ್ಲ. ಒಬ್ಬ ತಾಯಿಗೆ ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳಿದ್ದೆವು. ಅಂದಿನಿಂದ ಕುಳಿತು ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಅವಳು ಹಿಡಿದ ದಾರಿಯ ಹೆಸರು ಸೋಗ್ನೆಫ್ಯೆಲ್ ರಸ್ತೆ. ಒಳನಾಡಿನ ಲೋಮ್ ಎಂಬ ಊರಿನಿಂದ ಸಮುದ್ರದ ಕವಲಿನ ದಡದಲ್ಲಿರುವ ಗೌಪ್ನೆಯವರೆಗೆ 108 ಕಿ.ಮೀ. ನಡುವೆ 1,434 ಮೀಟರ್ ಎತ್ತರದ ಕಣಿವೆಬಾಯಿಯನ್ನು ದಾಟುತ್ತದೆ. ಉತ್ತರ ಯುರೋಪಿನಲ್ಲಿ ಬೆಟ್ಟ ದಾಟುವ ರಸ್ತೆಗಳಲ್ಲಿ ಇದೇ ಅತಿ ಎತ್ತರದ್ದು. ಚಳಿಗಾಲದಲ್ಲಿ ಮುಚ್ಚಿರುತ್ತದೆ. ವಸಂತದಲ್ಲಿ ತೆರೆದಾಗ ಎರಡೂ ಬದಿ ಹಿಮದ ಗೋಡೆ, ನಡುವೆ ಕಾರು ಆಟಿಕೆಯಂತೆ ಕಾಣುತ್ತದೆ.

ಇದು ಇಳಿಯುವ ಸಮುದ್ರದ ಕವಲು ಸೋಗ್ನೆಫ್ಯೋರ್ಡ್. ಫ್ಯೋರ್ಡ್ ಎಂದರೆ ಏನೆಂದು ಕೇಳಿದ ಚಿಕ್ಕವರಿಗಾಗಿ ಎರಡು ಮಾತು (ಬಿ.ಎಸ್ಸಿ. ಓದಿದ್ದು ಇಲ್ಲಾದರೂ ಉಪಯೋಗಕ್ಕೆ ಬರಲಿ). ಹಿಮಯುಗದಲ್ಲಿ ಬೃಹತ್ತಾದ ಹಿಮನದಿಗಳು ಕಣಿವೆಯನ್ನು ಉಜ್ಜಿ ಉಜ್ಜಿ ಆಳಗೊಳಿಸಿದವು. ಹಿಮ ಕರಗಿದಾಗ ಆ ಗುಂಡಿಗೆ ಸಮುದ್ರ ನುಗ್ಗಿತು. ಸೋಗ್ನೆಫ್ಯೋರ್ಡ್ ಒಳನಾಡಿಗೆ 200 ಕಿ.ಮೀ.ಗೂ ಹೆಚ್ಚು ಚಾಚಿದೆ, ಅತಿ ಆಳದಲ್ಲಿ 1,308 ಮೀಟರ್ ಇದೆ. ವಿಚಿತ್ರವೆಂದರೆ ಸಮುದ್ರ ಸೇರುವ ಬಾಯಿಯಲ್ಲೇ ಆಳ ಬಹಳ ಕಡಿಮೆ, ಒಳಗೆ ಹೆಚ್ಚು. ಹಿಮದ ಭಾರ ಇದ್ದದ್ದು ಒಳಗೆ, ಅದಕ್ಕೆ.

ಕಾರು ಬರುವ ಶತಮಾನಗಳ ಮೊದಲೇ ಜನ ಈ ಬೆಟ್ಟ ದಾಟುತ್ತಿದ್ದರು. ಕಾರಣ ಪ್ರವಾಸವಲ್ಲ, ಉಪ್ಪು. ಒಳನಾಡಿನ ಕಣಿವೆಗಳಲ್ಲಿ ದನಕರು ಇತ್ತು, ಬೆಣ್ಣೆ ಇತ್ತು, ತೊಗಲು ಇತ್ತು, ಮರದಿಂದ ತೆಗೆದ ಟಾರು ಇತ್ತು. ಉಪ್ಪು ಮಾತ್ರ ಇರಲಿಲ್ಲ. ಉಪ್ಪಿಲ್ಲದೆ ಚಳಿಗಾಲಕ್ಕೆ ಮಾಂಸ ಉಳಿಯುವುದಿಲ್ಲ. ಹಾಗಾಗಿ ಕುದುರೆಗಳ ಮೇಲೆ ಸರಕು ಹೇರಿ ಫ್ಯೋರ್ಡ್ ದಡಕ್ಕೆ ಇಳಿದು, ಉಪ್ಪು ಮತ್ತು ಮೀನು ಹೊತ್ತು ಮರಳುತ್ತಿದ್ದರು. ಮಂಜು ಕವಿದರೆ ಮೇಲೆ ಕೈಯಳತೆಯ ದೂರವೂ ಕಾಣದು. ಅದಕ್ಕೆ ದಾರಿಯುದ್ದಕ್ಕೂ ಕಲ್ಲು ಪೇರಿಸಿ ಗುಪ್ಪೆ ಮಾಡಿದರು, ಒಂದರ ಬಳಿ ನಿಂತರೆ ಮುಂದಿನದು ಕಾಣುವಂತೆ. ಆ ಕಲ್ಲುಗುಪ್ಪೆಗಳು ಇಂದಿಗೂ ಅಲ್ಲಲ್ಲಿ ನಿಂತಿವೆ. ಕಟ್ಟಿದವರ ಹೆಸರು ಯಾವುದರ ಮೇಲೂ ಇಲ್ಲ.

ದಾರಿಯ ಎರಡೂ ಕಡೆ ಹಳೆಯ ಮರದ ಇಗರ್ಜಿಗಳಿವೆ ಎಂದು ಓದಿದಾಗ ಖುಷಿಯಾಯಿತು. ಲೋಮ್‌ನ ಇಗರ್ಜಿ 12ನೇ ಶತಮಾನದ್ದು. ಇನ್ನೊಂದು ತುದಿಯಲ್ಲಿ, ಫ್ಯೋರ್ಡಿನ ಆಚೆ ದಡದಲ್ಲಿ, ಅದೇ ಶತಮಾನದ ಉರ್ನೆಸ್ ಇಗರ್ಜಿ. ಅದು 1979ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಹೊರಟವರು ಒಂದರಲ್ಲಿ ಮೊಣಕಾಲೂರಿ, ತಲುಪಿದವರು ಇನ್ನೊಂದರಲ್ಲಿ ಕೃತಜ್ಞತೆ ಹೇಳಿರಬಹುದು. ಇದು ನಮ್ಮ ಊಹೆ ಮಾತ್ರ. ಆದರೆ ಬೆಟ್ಟ ದಾಟಿ ಜೀವಂತ ಬಂದವರು ಮತ್ತೇನು ಮಾಡಿಯಾರು?

1862ರ ಬೇಸಿಗೆಯಲ್ಲಿ ಈ ಬೆಟ್ಟವನ್ನು ಮೂವತ್ತೈದು ತುಂಬದ ಒಬ್ಬ ಬಡ ಬರಹಗಾರ ಕಾಲ್ನಡಿಗೆಯಲ್ಲಿ ದಾಟಿದ. ಜನಪದ ಕಥೆ ಸಂಗ್ರಹಿಸಲು ಹೊರಟಿದ್ದ ಅವನ ಹೆಸರು ಹೆನ್ರಿಕ್ ಇಬ್ಸನ್. ನಾಲ್ಕು ವರ್ಷಗಳ ನಂತರ ಬಂದ ಅವನ 'ಬ್ರಾಂಡ್' ನಾಟಕದಲ್ಲಿ ಇಂಥದೇ ಬೆಟ್ಟ, ಇಂಥದೇ ಫ್ಯೋರ್ಡ್. ಅದರ ನಾಯಕ ಒಬ್ಬ ಪಾದ್ರಿ. ಯಾರಿಗಾಗಿಯೂ ಬಗ್ಗದೆ, ಎಲ್ಲವನ್ನೂ ಕೊಡು ಇಲ್ಲವೇ ಏನೂ ಬೇಡ ಎನ್ನುತ್ತ, ಕೊನೆಗೆ ಜನರೆಲ್ಲ ಕೈಬಿಟ್ಟ ಮೇಲೆ ಮೇಲೆ ಹಿಮಕುಸಿತಕ್ಕೆ ಸಿಲುಕುತ್ತಾನೆ. ನಮ್ಮ ಸಂಘದಲ್ಲಿ ಇದರ ಕಥೆ ಹೇಳಿದಾಗ ಅರ್ಧ ಗಂಟೆ ಜಗಳವಾಯಿತು. ಪಾದ್ರಿ ಸರಿಯೋ ತಪ್ಪೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಒಬ್ಬರೇ ಹೋಗುವ ವಿಚಾರಕ್ಕೆ ಬರೋಣ. ಈ ರಸ್ತೆಯ ಪಕ್ಕದಲ್ಲೇ ತುರ್ತಗ್ರೋ ಎಂಬ ತಂಗುದಾಣವಿದೆ. ಅದರ ಹಿಂದೆ ಗರಗಸದ ಹಲ್ಲಿನಂತಹ ಶಿಖರಗಳು. ಅವುಗಳಲ್ಲಿ ದೊಡ್ಡದು ಸ್ತೋರೆ ಸ್ಕಾಗಸ್ತೋಲ್ಸ್‌ತಿಂದ್. ಬಾಯಿ ಹೊರಳದವರು ಅಲ್ಲಿನವರಂತೆ 'ಸ್ತೋರೆನ್' ಎನ್ನಿ, ಸಾಕು. ಎತ್ತರ 2,405 ಮೀಟರ್, ನಾರ್ವೆಯಲ್ಲಿ ಮೂರನೆಯದು. ಇದನ್ನು ಹತ್ತಲಾಗದು ಎಂದೇ ಬಹಳ ಜನ ನಂಬಿದ್ದರು.

1876ರ ಜುಲೈ 21ರಂದು ಮೂವರು ಹತ್ತಲು ಹೊರಟರು. ಒಬ್ಬ ವಿಲಿಯಂ ಸೆಸಿಲ್ ಸ್ಲಿಂಗ್ಸ್‌ಬಿ, ಇಂಗ್ಲೆಂಡಿನ ಯಾರ್ಕ್‌ಶೈರ್‌ನ ನೂಲಿನ ಗಿರಣಿ ಮನೆತನದ ಹುಡುಗ, ವಯಸ್ಸು 27. ಇನ್ನೊಬ್ಬ ಬೆರ್ಗೆನ್‌ನ ಶಿಕ್ಷಕ ಎಮಾನುಯೆಲ್ ಮೋನ್. ಮೂರನೆಯವ ಬೆಟ್ಟ ಬಲ್ಲ ಹಳ್ಳಿಗ ಕ್ನೂತ್ ಲಿಕ್ಕೆ. ಹಿಮನದಿ ಏರಿ, ಶಿಖರದ ಕೆಳಗಿನ ಒಂದು ಕಡಿದಾದ ಸಂದಿಗೆ ಬಂದು ನಿಂತರು. ಮೇಲೆ ಇನ್ನು ಸುಮಾರು 150 ಮೀಟರ್ ಬರಿಯ ಬಂಡೆ. ಮೋನ್ ಮತ್ತು ಲಿಕ್ಕೆ ಮುಂದೆ ಬರಲು ಒಪ್ಪಲಿಲ್ಲ. ಸ್ಲಿಂಗ್ಸ್‌ಬಿ ಒಬ್ಬನೇ ಹತ್ತಿದ. ತುದಿಯಲ್ಲಿ ಸಣ್ಣದೊಂದು ಕಲ್ಲುಗುಪ್ಪೆ ಮಾಡಿ ಇಳಿದು ಬಂದ.

ಈ ಕಥೆಯನ್ನು ಎಲ್ಲರೂ ಸ್ಲಿಂಗ್ಸ್‌ಬಿಯ ಧೈರ್ಯದ ಕಥೆಯಾಗಿ ಹೇಳುತ್ತಾರೆ. ಅವನನ್ನು ನಾರ್ವೆಯ ಪರ್ವತಾರೋಹಣದ ಪಿತಾಮಹ ಎನ್ನುವುದೂ ಇದೆ. ನಮಗೆ ಹಿಡಿಸಿದ್ದು ಬೇರೆ. ಆ ಸಂದಿಗೆ ಇಂದಿಗೂ ಇರುವ ಹೆಸರು 'ಮೋನ್ಸ್ ಸ್ಕಾರ್', ಅಂದರೆ ಮೋನ್‌ನ ಸಂದಿ. ಇನ್ನು ಸಾಕು ಎಂದು ನಿಂತವನ ಹೆಸರನ್ನು ನಿಂತ ಜಾಗಕ್ಕೇ ಇಟ್ಟಿದ್ದಾರೆ. ಏರಿ ಬಂದ ಹಿಮನದಿಗೆ ಸ್ಲಿಂಗ್ಸ್‌ಬಿಯ ಹೆಸರು. ದಾರಿ ಬಲ್ಲ ಲಿಕ್ಕೆಯ ಹೆಸರನ್ನು ಮಾತ್ರ ನಾವು ಓದಿದ ಬರಹಗಳು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ದಾರಿ ತೋರಿಸಿದವರ ಗತಿ ಎಲ್ಲ ಕಡೆಯೂ ಹೀಗೆಯೇ ಇರಬೇಕು.

ಆಂಟಿಯ ಪ್ರಶ್ನೆ ಹೆಣ್ಣುಮಗಳ ಬಗ್ಗೆಯಾದ್ದರಿಂದ ಇದನ್ನೂ ಹೇಳಬೇಕು. 1894ರಲ್ಲಿ ತೆರೇಸೆ ಬೆರ್ಥೋ ಎಂಬ ನಾರ್ವೆಯ ಮಹಿಳೆ ಅದೇ ಶಿಖರ ಏರಿದರು, ಮಹಿಳೆಯರಲ್ಲಿ ಮೊದಲಿಗರು. ಅದೇ ವರ್ಷ ಫ್ಯೋರ್ಡಿನ ದಡದ ಬಾಲೆಸ್ಟ್ರಾಂಡ್‌ನಲ್ಲಿ ಮಾರ್ಗರೆಟ್ ಗ್ರೀನ್ ಕ್ಷಯದಿಂದ ತೀರಿಕೊಂಡರು. ಇಂಗ್ಲೆಂಡಿನ ಪಾದ್ರಿಯೊಬ್ಬರ ಮಗಳು. ಬೆಟ್ಟ ಸುತ್ತಲು ಬಂದವರು ಅಲ್ಲಿನವರನ್ನೇ ಮದುವೆಯಾಗಿ ಉಳಿದಿದ್ದರು. ಅವರ ನೆನಪಿಗೆ ಪತಿ ಕಟ್ಟಿಸಿದ ಸಂತ ಓಲಾಫ್‌ರ ಪುಟ್ಟ ಮರದ ಇಗರ್ಜಿ 1897ರಿಂದ ಇದೆ.

ಸ್ಲಿಂಗ್ಸ್‌ಬಿ ನಡೆದಾಗ ವಾಹನದ ರಸ್ತೆ ಬೆಟ್ಟ ದಾಟುತ್ತಿರಲಿಲ್ಲ. ಅದು ಬಂದದ್ದು 1938ರಲ್ಲಿ. ಕಟ್ಟಿದವರು ಯಾರೆಂದು ಓದಿದಾಗ ನಾವು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದೆ ಕುಳಿತಿದ್ದ ಯುವಕರು. ನಮ್ಮ ನಿಮ್ಮ ವಯಸ್ಸಿನವರು. ವರ್ಷದಲ್ಲಿ ಕೆಲವೇ ತಿಂಗಳು ನೆಲ ಕಾಣುವ ಜಾಗದಲ್ಲಿ ಕಲ್ಲು ಒಡೆದು ರಸ್ತೆ ಹಾಸಿದರು. ಆಮೇಲೆ ಎರಡು ವರ್ಷ ಕಳೆಯುವಷ್ಟರಲ್ಲಿ, 1940ರ ಏಪ್ರಿಲ್‌ನಲ್ಲಿ, ಜರ್ಮನ್ ಸೈನ್ಯ ದೇಶಕ್ಕೆ ನುಗ್ಗಿತು. ಪರೀಕ್ಷೆ ಮುಗಿಸಿ ಪಿಎಸ್‌ಸಿ ಪಟ್ಟಿ ಕಾಯುತ್ತ ಕೂತಿರುವ ನಮ್ಮ ಸಂಘದ ಹುಡುಗರಿಗೆ ಇದನ್ನು ಓದಿ ಹೇಳಿದಾಗ ಒಬ್ಬ ಕೇಳಿದ, "ಕೂಲಿ ಎಷ್ಟು ಕೊಟ್ಟಿದ್ದರಂತೆ?" ಸರಿಯಾದ ಪ್ರಶ್ನೆಯೇ.

ಇಂದು ಒಬ್ಬರೇ ಚಾರಣ ಹೋಗುವವರಿಗೆ ಅಲ್ಲಿ ದೊಡ್ಡ ಆಸರೆ 1868ರಲ್ಲಿ ಹುಟ್ಟಿದ ಪ್ರವಾಸಿ ಸಂಘ. ಕಲ್ಲುಗುಪ್ಪೆಗಳ ಮೇಲೆ ಕೆಂಪು ಬಣ್ಣದಲ್ಲಿ ಇಂಗ್ಲಿಷಿನ 'ಟಿ' ಅಕ್ಷರ ಬರೆದು ದಾರಿ ಗುರುತಿಸುವವರು ಇವರೇ. ಬಣ್ಣ ಹಚ್ಚುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಬೆಟ್ಟದ ನಡುವೆ ಸಂಘದ ಗುಡಿಸಲುಗಳಿವೆ. ಹಲವು ಕಡೆ ನೋಡಿಕೊಳ್ಳುವವರೇ ಇಲ್ಲ. ಬೀಗದ ಕೈ ಸದಸ್ಯರ ಬಳಿ ಇರುತ್ತದೆ. ಕಪಾಟಿನಲ್ಲಿ ಆಹಾರ ಇರುತ್ತದೆ, ತಿಂದದ್ದನ್ನು ಬರೆದಿಟ್ಟು ಹಣ ಕಟ್ಟಬೇಕು. ಅತಿಥಿ ಪುಸ್ತಕದಲ್ಲಿ ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ ಎಂದು ಬರೆಯಬೇಕು. ಬಾರದೆ ಹೋದರೆ ಹುಡುಕುವವರು ಮೊದಲು ನೋಡುವುದು ಆ ಪುಸ್ತಕವನ್ನು. ಬೇಲಿಯಿಲ್ಲದ ಬೆಟ್ಟನೆಲದಲ್ಲಿ ಯಾರು ಬೇಕಾದರೂ ನಡೆಯುವ ಹಕ್ಕನ್ನು 1957ರ ಕಾನೂನು ಬರವಣಿಗೆಗೆ ಇಳಿಸಿತು. ಡೇರೆ ಹಾಕುವುದಾದರೆ ಜನವಸತಿಯ ಮನೆಯಿಂದ 150 ಮೀಟರ್ ದೂರ ಇರಬೇಕು, ಅಷ್ಟೇ.

ಹೀಗೆಂದು ಅಪಾಯ ಇಲ್ಲವೆಂದಲ್ಲ. ನಾರ್ವೆಯವರು ಪವಿತ್ರ ವಾರದ ರಜೆಯಲ್ಲಿ ಸ್ಕೀ ಹಿಡಿದು ಬೆಟ್ಟಕ್ಕೆ ಹೋಗುತ್ತಾರೆ. 1967ರ ಪಾಸ್ಕ ಹಬ್ಬದ ದಿನಗಳಲ್ಲಿ ಬೆಟ್ಟಗಳಲ್ಲಿ 18 ಮಂದಿ ಸತ್ತರು. ಅದರ ನಂತರ ಪ್ರವಾಸಿ ಸಂಘ ಮತ್ತು ರೆಡ್ ಕ್ರಾಸ್ ಸೇರಿ ಒಂಬತ್ತು ಬೆಟ್ಟದ ನಿಯಮಗಳನ್ನು ಮನೆಮನೆಗೂ ಮುಟ್ಟಿಸಿದವು. ಅವುಗಳಲ್ಲಿ ಏಳನೆಯದು ಏನು ಗೊತ್ತೇ? ಒಬ್ಬರೇ ಹೋಗಬೇಡಿ. ಎಂಟನೆಯದು: ಹೊತ್ತಿಗೆ ಸರಿಯಾಗಿ ಹಿಂದಿರುಗಿ, ಅದರಲ್ಲಿ ನಾಚಿಕೆಯೇನೂ ಇಲ್ಲ.

ಇಷ್ಟು ಓದಿದಾಗ ನಮಗೆ ಆಂಟಿಯ ಮುಖ ನೆನಪಾಗಿ ಎದೆ ಧಸಕ್ಕೆಂದಿತು. ಮುಂದೆ ಓದಿದೆವು. 2016ರಲ್ಲಿ ನಿಯಮಗಳನ್ನು ತಿದ್ದಿದರು. 'ಒಬ್ಬರೇ ಹೋಗಬೇಡಿ' ಎಂಬುದು ಪಟ್ಟಿಯಿಂದ ಹೋಯಿತು. ಮೊದಲು ಎರಡನೆಯದಾಗಿದ್ದ, ಹೋಗುವ ದಾರಿಯನ್ನು ಇನ್ನೊಬ್ಬರಿಗೆ ತಿಳಿಸಿ ಎಂಬ ಮಾತು ಮೊದಲ ನಿಯಮದೊಳಗೇ ಸೇರಿತು. ಹಿಂದಿರುಗಲು ನಾಚಬೇಡಿ ಎಂಬುದು ಮಾತ್ರ ಎಂಟನೆಯ ಸ್ಥಾನದಲ್ಲಿ ಹಾಗೆಯೇ ಉಳಿಯಿತು.

ಮುಂದಿನ ಭಾನುವಾರ ಆಂಟಿಯನ್ನು ಹುಡುಕಿಕೊಂಡು ಹೋಗಿ, ಕಳೆದ ವಾರ ತಿಳಿಯದೆ ಮಾತನಾಡಿದೆವು ಎಂದು ಹೇಳಿ, ಇದನ್ನೆಲ್ಲ ವಿವರಿಸಿದೆವು. "ಅವಳು ಎಲ್ಲಿಗೆ ಹೋಗುತ್ತಾಳೆಂದು ದಿನಾ ಬೆಳಿಗ್ಗೆ ನಿಮಗೆ ಹೇಳುತ್ತಾಳಾ?" ಎಂದು ಕೇಳಿದೆವು. ಅವರು ಮೊಬೈಲ್ ತೆಗೆದು ತೋರಿಸಿದರು. ನಕ್ಷೆಯ ಚಿತ್ರ, ಹೊರಡುವ ಹೊತ್ತು, ಮರಳುವ ಹೊತ್ತು, ದಿನಕ್ಕೊಂದರಂತೆ. ಹಿಂದಿನ ದಿನ ತುರ್ತಗ್ರೋದಲ್ಲಿ ಕಾರು ನಿಲ್ಲಿಸಿ ಸ್ತೋರೆನ್ ಬುಡದ ಗುಡಿಸಲಿನತ್ತ ನಡೆದಿದ್ದಳು. ಮಧ್ಯಾಹ್ನ ಕಳುಹಿಸಿದ ಸಂದೇಶ ಇಷ್ಟೇ: "ಮಂಜು ಇಳಿಯಿತು ಮಮ್ಮಿ, ಅರ್ಧದಿಂದ ವಾಪಸ್ ಬಂದೆ."

ಕೆಳಗೆ ಒಂದು ಫೋಟೋ ಇತ್ತು. ಎಲ್ಲವೂ ಬೂದು, ನಡುವೆ ಒಂದು ಕಲ್ಲಿನ ರಾಶಿ, ಅದರ ಮೇಲೆ ಕೆಂಪು ಬಣ್ಣದ ಗೀಟು. "ಇದೇನು ಕಲ್ಲು ಗುಡ್ಡೆಯ ಫೋಟೋ ತೆಗೆದಿದ್ದಾಳೆ ಹುಚ್ಚಿ, ಅಷ್ಟು ಒಳ್ಳೆ ಜಾಗಕ್ಕೆ ಹೋಗಿ" ಎಂದರು ಆಂಟಿ. ನಾವು ಅವರ ಪಕ್ಕದ ಮೆಟ್ಟಿಲಲ್ಲಿ ಕುಳಿತು, ಉಪ್ಪು ಹೊತ್ತವರ ಕಥೆಯಿಂದ ಶುರುಮಾಡಿದೆವು.