ವಂಶಬೀಜದಲ್ಲಿ ಪಾಠಪರಿಷ್ಕರಣ

ಕ್ರಿ. ಶ. 2018ನೆಯ ನವೆಂಬರಿನಲ್ಲಿ ಚೀನಾದೇಶದ ಷೆನ್‌ಝೆನ್ ನಗರದ ಹೆ ಜಿಯಾನ್‌ಕುಯಿ ಎಂಬ ವಿಜ್ಞಾನಿಯು, ಭ್ರೂಣಾವಸ್ಥೆಯಲ್ಲಿಯೇ ವಂಶವಾಹಿಯ ಪರಿಷ್ಕರಣವನ್ನು ಹೊಂದಿದ ಅವಳಿ ಹೆಣ್ಣುಮಕ್ಕಳು ಜನಿಸಿರುವರೆಂದು ಪ್ರಕಟಿಸಿದನು. ಎಚ್‌ಐವಿ ಸೋಂಕು ತಗಲದಿರಲೆಂದು ಸಿಸಿಆರ್5 ಎಂಬ ವಂಶವಾಹಿಯನ್ನು ಕ್ರಿಸ್ಪರ್ ಸಾಧನದಿಂದ ಛೇದಿಸಿದ್ದನು. ಸೋಂಕಿದ್ದುದಾದರೋ ತಂದೆಗೆ ಮಾತ್ರ; ವೀರ್ಯವನ್ನು ತೊಳೆದು ಶುದ್ಧಿಗೊಳಿಸುವ ಹಳೆಯ ಕ್ರಮವೇ ಶಿಶುರಕ್ಷಣೆಗೆ ಸಾಕಾಗಿದ್ದಿತು. ಈ ಸೋಂಕನ್ನು ಸಹಜವಾಗಿ ತಡೆಯಬಲ್ಲ ಕೆಲವರಲ್ಲಿ ಆ ವಂಶವಾಹಿಯ 32 ಅಕ್ಷರಗಳು ಲುಪ್ತವಾಗಿರುವುವು. ಈ ಶಿಶುಗಳಲ್ಲಿ ಉಂಟಾದ ಲೋಪವು ಬೇರೆಯೇ. ಲಿಪಿಕಾರನು ತಿದ್ದಹೋಗಿ ಅಪಪಾಠವನ್ನು ಸೇರಿಸಿದಂತಾಯಿತು. ಓಲೆಗರಿಯಲ್ಲಾದರೆ ಪ್ರತ್ಯಂತರಗಳನ್ನು ನೋಡಿ ಸರಿಪಡಿಸಬಹುದು; ಇಲ್ಲಿ ಅಪಪಾಠವೇ ಮುಂದಿನ ಸಂತತಿಗೆ ಮೂಲಪ್ರತಿಯಾಗುವುದು. ತಾಯ್ತಂದೆಗಳ ಸಮ್ಮತಿಪತ್ರವು ಆ ಸಂತತಿಯನ್ನು ಹೇಗೆ ಬಂಧಿಸೀತು? 2019ನೆಯ ಡಿಸೆಂಬರಿನಲ್ಲಿ ನ್ಯಾಯಾಲಯವು ಆತನಿಗೆ 3 ವರ್ಷದ ಸೆರೆವಾಸವನ್ನೂ 30 ಲಕ್ಷ ಯುವಾನ್ ದಂಡವನ್ನೂ ವಿಧಿಸಿತು.